ಸಿರಾಜ್ ಯಾಕ ಹೋದ, ಮುತ್ಯಾ?

2025ರ ಏಪ್ರಿಲ್ 2ರ ರಾತ್ರಿ ಮಂಠಾಳದ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಮ್ಮ ಆರ್‌ಸಿಬಿಗೂ ಗುಜರಾತ್ ಟೈಟನ್ಸ್‌ಗೂ ಐಪಿಎಲ್ ಪಂದ್ಯವಿತ್ತು. ಏಳು ವರ್ಷ ಆರ್‌ಸಿಬಿಯ ಅಂಗಿ ತೊಟ್ಟು ಆಡಿದ್ದ ಮೊಹಮ್ಮದ್ ಸಿರಾಜ್ ಈಗ ಗುಜರಾತಿನ ಪರ ಬಂದು, 19 ರನ್ ಕೊಟ್ಟು 3 ವಿಕೆಟ್ ಕಿತ್ತ. ಗುಜರಾತ್ 8 ವಿಕೆಟ್‌ಗಳಿಂದ ಗೆದ್ದಿತು. ಪಂದ್ಯಶ್ರೇಷ್ಠನೂ ಸಿರಾಜನೇ.

ಮರುದಿನ ಆರನೇ ತರಗತಿಯ ನನ್ನ ಮೊಮ್ಮಗ ಅಂಗಿಯ ಗುಂಡಿ ಹರಿದುಕೊಂಡು ಮನೆಗೆ ಬಂದ. ಜೀವದ ಗೆಳೆಯ, “ಸಿರಾಜ್ ಮೋಸಗಾರ, ರೊಕ್ಕಕ್ಕ ಹೋದ” ಎಂದನಂತೆ. ಇವನು ಇಲ್ಲ ಎಂದನಂತೆ. ಮಾತಿಗೆ ಮಾತು ಬೆಳೆದು ಕೈ ಕೈ ಹತ್ತಿತು. ಇಬ್ಬರೂ ಮಾತು ಬಿಟ್ಟರು.

“ಖರೇ ಹೇಳು. ಸಿರಾಜ್ ಯಾಕ ಹೋದ, ಮುತ್ಯಾ?” ಎಂದು ಕೇಳಿದ. ಕಣ್ಣಲ್ಲಿ ನೀರಿತ್ತು.

ಸಿರಾಜನ ಮೇಲೆ ನಮ್ಮ ಕಡೆಯವರಿಗೆ ಪ್ರೀತಿ ಹೆಚ್ಚು. ಅದಕ್ಕೆ ಕಾರಣವಿದೆ. 1956ರ ನವೆಂಬರ್ 1ರವರೆಗೆ ನಮ್ಮ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಈಗಲೂ ದೊಡ್ಡ ದವಾಖಾನೆಗೆ, ಮದುವೆ ಜವಳಿಗೆ ನಾವು ಹುಮನಾಬಾದ್ ಮೇಲೆ ಹೈದರಾಬಾದ್ ಬಸ್ಸನ್ನೇ ಹತ್ತುತ್ತೇವೆ. ಬೆಂಗಳೂರಿಗೆ ಹೋಗಬೇಕೆಂದರೆ ಒಂದು ರಾತ್ರಿಯ ಪ್ರಯಾಣ. ಹೈದರಾಬಾದಿನ ಆಟೋ ಚಾಲಕರೊಬ್ಬರ ಮಗ ಬೆಂಗಳೂರಿನ ಪರ ಆಡುತ್ತಿದ್ದರೆ ನಮಗೆ ಎರಡೂ ಮನೆಯ ಊಟ ಸಿಕ್ಕಂತೆ.

ಈ ಎರಡು ಊರುಗಳ ನಡುವೆ ನಾವು ಹಿಂದೆಯೂ ಸಿಕ್ಕಿಬಿದ್ದಿದ್ದೆವು. 2009ರ ಫೈನಲ್ ಜೊಹಾನ್ಸ್‌ಬರ್ಗ್‌ನಲ್ಲಿ ನಡೆಯಿತು. ನಮ್ಮ ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಪಡೆದರೂ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 6 ರನ್‌ಗಳಿಂದ ಗೆದ್ದಿತು. ಆಗ ನಾನಿನ್ನೂ ಬ್ಯಾಂಕಿನಲ್ಲಿದ್ದೆ. ಸೋಮವಾರ ಕೌಂಟರಿನ ಮುಂದೆ ಅರ್ಧ ಜನ ನಗುತ್ತಿದ್ದರು, ಅರ್ಧ ಜನ ಮುಖ ಊದಿಸಿಕೊಂಡಿದ್ದರು. 2016ರ ಫೈನಲ್ ಬೆಂಗಳೂರಿನಲ್ಲೇ ಇತ್ತು. ಅದರಲ್ಲೂ ಸನ್‌ರೈಸರ್ಸ್ ಹೈದರಾಬಾದ್ 8 ರನ್‌ಗಳಿಂದ ಗೆದ್ದಿತು. ಆ ವರ್ಷ ಅತಿ ಹೆಚ್ಚು ವಿಕೆಟ್ ಪಡೆದ ಭುವನೇಶ್ವರ್ ಕುಮಾರ್ ಹೈದರಾಬಾದಿನ ಬೌಲರ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊಮ್ಮಗನ ಪ್ರಶ್ನೆಗೆ ನಾನು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಬಿ.ಕಾಂ. ಓದಿದವನಿಗೆ ಬೇರೆ ದಾರಿ ಗೊತ್ತಿಲ್ಲ.

ಮಕ್ಕಳೇ, ಆಟಗಾರ ತಂಡ ಬದಲಿಸುವುದು ಎರಡು ರೀತಿ. ಒಂದು ಹರಾಜು. 2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ಜೆದ್ದಾದಲ್ಲಿ ದೊಡ್ಡ ಹರಾಜು ನಡೆಯಿತು. ಅದಕ್ಕೂ ಮೊದಲು ಆರ್‌ಸಿಬಿ ವಿರಾಟ್ ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನು ಮಾತ್ರ ಉಳಿಸಿಕೊಂಡಿತು. ಸಿರಾಜ್ ಹರಾಜಿಗೆ ಹೋದ. ಗುಜರಾತ್ 12.25 ಕೋಟಿ ರೂಪಾಯಿಗೆ ಕೂಗಿತು. ಹರಾಜಿನಲ್ಲಿ ಯಾರು ಹೆಚ್ಚು ಕೂಗಿದರೋ ಅವರ ಪಾಲು. ನನಗೆ ಇದೇ ತಂಡ ಬೇಕು ಎಂದು ಆಟಗಾರ ಹೇಳುವಂತಿಲ್ಲ.

ಇನ್ನೊಂದು ಟ್ರೇಡ್, ಅಂದರೆ ತಂಡ ತಂಡಗಳ ನಡುವಿನ ನೇರ ಅದಲು ಬದಲು. 2009ರಲ್ಲೇ ಆರ್‌ಸಿಬಿ ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು, ನಮ್ಮ ಕರ್ನಾಟಕದ ರಾಬಿನ್ ಉತ್ತಪ್ಪ ಅವರನ್ನು ಪಡೆದಿತ್ತು. ಟ್ರೇಡ್‌ಗೆ ಆಟಗಾರನ ಒಪ್ಪಿಗೆ ಬೇಕು.

“ಅಂದ್ರ ಸಿರಾಜ್ ಹೋಗಿಲ್ಲ. ಇವರೇ ಬಿಟ್ಟಾರ” ಎಂದ ಮೊಮ್ಮಗ. ಹೌದು ಎಂದೆ.

ಕೆನಡಾದಲ್ಲಿರುವ ನನ್ನ ತಂಗಿಯ ಮಗ ಆ ವಾರ ಫೋನ್ ಮಾಡಿದಾಗ ಈ ಜಗಳ ಕೇಳಿ ನಕ್ಕ. ಅಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುತ್ತಾರೆ. ಅಲ್ಲಿನ ಲೀಗ್‌ನಲ್ಲಿ ಕರಾರಿನೊಳಗೆ ಬರೆಸಿಕೊಂಡಿರದಿದ್ದರೆ ಆಟಗಾರನನ್ನು ಕೇಳದೆಯೇ ಬೇರೆ ಊರಿಗೆ ಕಳಿಸಬಹುದಂತೆ. 1988ರ ಆಗಸ್ಟ್ 9ರಂದು ಎಡ್ಮಂಟನ್ ಆಯಿಲರ್ಸ್ ತಂಡ ತನ್ನ ವೇಯ್ನ್ ಗ್ರೆಟ್ಜ್‌ಕಿಯನ್ನು ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಕೊಟ್ಟುಬಿಟ್ಟಿತು. ಪ್ರತಿಯಾಗಿ ಬಂದದ್ದು ಆಟಗಾರರು ಮತ್ತು ಒಂದೂವರೆ ಕೋಟಿ ಡಾಲರ್. ಗ್ರೆಟ್ಜ್‌ಕಿ ಪತ್ರಕರ್ತರ ಮುಂದೆಯೇ ಅತ್ತರು. ಸರ್ಕಾರ ಇದನ್ನು ತಡೆಯಬೇಕೆಂದು ಸಂಸದರೊಬ್ಬರು ಒತ್ತಾಯಿಸಿದರು. ಮುಂದಿನ ವರ್ಷ ಪ್ಲೇಆಫ್‌ನಲ್ಲಿ ಗ್ರೆಟ್ಜ್‌ಕಿಯ ಹೊಸ ತಂಡ ಹಳೆಯ ತಂಡವನ್ನು 4–3ರಿಂದ ಸೋಲಿಸಿತು. ಆದರೆ 1990ರಲ್ಲಿ ಗ್ರೆಟ್ಜ್‌ಕಿ ಇಲ್ಲದೆಯೇ ಎಡ್ಮಂಟನ್ ಕಪ್ ಗೆದ್ದಿತು. ಗ್ರೆಟ್ಜ್‌ಕಿಗೆ ಮತ್ತೆ ಆ ಕಪ್ ಸಿಗಲೇ ಇಲ್ಲ. ಟ್ರೇಡ್ ಆದ ಸಂಜೆಯೇ ಲಾಭ ನಷ್ಟ ಬರೆಯಬಾರದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆ 4–3 ಎಂದರೇನು ಎಂದು ಮೊಮ್ಮಗ ಕೇಳಿದ. ಅಲ್ಲಿ ಪ್ಲೇಆಫ್‌ನಲ್ಲಿ ಅದೇ ಎರಡು ತಂಡಗಳು ಏಳು ಪಂದ್ಯದವರೆಗೆ ಆಡುತ್ತವೆ. ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. “ಹಂಗಿದ್ರ 2016ರಾಗ ನಾವೇ ಗೆಲ್ತಿದ್ವಿ!” ಎಂದ. ಇರಬಹುದು. ನನ್ನ ಅಭಿಪ್ರಾಯ ಕೇಳಿದರೆ, ಏಳು ಪಂದ್ಯದ ಪದ್ಧತಿಯೇ ನ್ಯಾಯ. ಒಂದೇ ರಾತ್ರಿಯಲ್ಲಿ ಟಾಸ್, ಇಬ್ಬನಿ ಎಲ್ಲವೂ ಆಟ ಕೆಡಿಸಬಹುದು. ನಮ್ಮಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಮಾತ್ರ ಸೋತರೂ ಇನ್ನೊಂದು ಅವಕಾಶವಿದೆ. 2011ರಲ್ಲಿ ಈ ಪದ್ಧತಿ ಬಂದ ಮೇಲೆ, 2025ರವರೆಗೆ, ಮೂರನೇ ಸ್ಥಾನದಿಂದ ಬಂದು ಕಪ್ ಗೆದ್ದದ್ದು ಒಂದೇ ತಂಡ, ಅದೇ 2016ರ ಹೈದರಾಬಾದ್. ಅಂಥ ಅಪರೂಪವೂ ನಮ್ಮ ವಿರುದ್ಧವೇ ಆಗಬೇಕೇ!

ಫೋನ್ ಇಟ್ಟ ಮೇಲೆ 1988 ಎಂಬ ಸಂಖ್ಯೆ ನನ್ನನ್ನು ಬಿಡಲಿಲ್ಲ. ಅದೇ ವರ್ಷ ನನಗೂ ವರ್ಗಾವಣೆಯಾಗಿತ್ತು. ಶಾಲೆ ಶುರುವಾಗಿ ತಿಂಗಳೂ ಆಗಿರಲಿಲ್ಲ, ದೂರದ ಜಿಲ್ಲೆಯ ಶಾಖೆಗೆ ಆದೇಶ ಬಂತು. ನನ್ನನ್ನು ಯಾರೂ ಕೇಳಲಿಲ್ಲ ಎಂದು ವರ್ಷಗಟ್ಟಲೆ ಗೊಣಗಿದೆ. ಆದರೆ ಹತ್ತು ವರ್ಷದ ಮಗನನ್ನು ನಾನು ಕೇಳಿದ್ದೆನೇ? ಅವನ ಗೆಳೆಯರು, ಅವನ ಮರದ ಬ್ಯಾಟು, ಎಲ್ಲ ಇಲ್ಲೇ ಉಳಿದವು. ಒಂದು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ. ಹಟಮಾರಿ ಎಂದು ಬೈದಿದ್ದೆ.

ಜೂನ್ ಬಂತು. ಆರ್‌ಸಿಬಿ ಎರಡನೇ ಸ್ಥಾನದಲ್ಲಿತ್ತು. ಮೊದಲ ಕ್ವಾಲಿಫೈಯರ್‌ನಲ್ಲಿ ಪಂಜಾಬನ್ನು 101ಕ್ಕೆ ಕಟ್ಟಿಹಾಕಿ ನೇರ ಫೈನಲ್‌ಗೆ ನಡೆದಿತ್ತು. ಸಿರಾಜನ ಗುಜರಾತ್ ಎಲಿಮಿನೇಟರ್‌ನಲ್ಲಿ ಮುಂಬೈಗೆ ಸೋತು ಮನೆಗೆ ಹೋಗಿತ್ತು. ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಮತ್ತೆ ಪಂಜಾಬ್. ಪಂದ್ಯ ಶುರುವಾಗುವ ಹೊತ್ತಿಗೆ ಬಾಗಿಲಲ್ಲಿ ಮೊಮ್ಮಗನ ಆ ಗೆಳೆಯ ನಿಂತಿದ್ದ. ಅವರ ಮನೆಯಲ್ಲಿ ಕರೆಂಟ್ ಇಲ್ಲವಂತೆ. ನಮ್ಮ ಓಣಿಯಲ್ಲೆಲ್ಲ ಕರೆಂಟ್ ಇತ್ತು. ಯಾರೂ ಏನೂ ಕೇಳಲಿಲ್ಲ. ನನ್ನ ಹೆಂಡತಿ ಚೂಡಾದ ತಟ್ಟೆ ಇಬ್ಬರ ನಡುವೆ ಇಟ್ಟಳು.

ಸಿರಾಜನ ಜಾಗಕ್ಕೆ ಬಂದವರು ಯಾರು ಗೊತ್ತೇ? 10.75 ಕೋಟಿಗೆ ಬಂದ ಅದೇ ಭುವನೇಶ್ವರ್! ಒಂದೇ ಓವರಿನಲ್ಲಿ 2 ವಿಕೆಟ್ ಕಿತ್ತರು. 5.75 ಕೋಟಿಯ ಕೃಣಾಲ್ ಪಾಂಡ್ಯ 17 ರನ್‌ಗೆ 2 ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದರು. ಆರ್‌ಸಿಬಿ 18ನೇ ವರ್ಷದಲ್ಲಿ ಕಪ್ ಗೆದ್ದಿತು. ಎಷ್ಟು ರನ್‌ಗಳಿಂದ? ಆರು. 2009ರಲ್ಲಿ ಕಳೆದುಕೊಂಡಷ್ಟೇ. “ಟ್ಯಾಲಿ ಆಯ್ತು!” ಎಂದು ಕೂಗಿದೆ. ಹುಡುಗರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಕುಣಿಯುತ್ತಿದ್ದರು.

ಮರುದಿನ ಬೆಂಗಳೂರಿನ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಮೊಮ್ಮಗ ಟಿವಿ ಆರಿಸಿದ. ಆ ಲೆಕ್ಕಕ್ಕೆ ಯಾವ ಹಾಳೆಯಲ್ಲೂ ಜಾಗವಿಲ್ಲ.

ನವೆಂಬರ್‌ನಲ್ಲಿ ಮತ್ತೊಂದು ದೊಡ್ಡ ಟ್ರೇಡ್ ಆಯಿತು. ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ಚೆನ್ನೈ ಬಿಟ್ಟು ರಾಜಸ್ಥಾನಕ್ಕೆ, ಸಂಜು ಸ್ಯಾಮ್ಸನ್ ರಾಜಸ್ಥಾನ ಬಿಟ್ಟು ಚೆನ್ನೈಗೆ. ಪೇಪರ್ ಓದುತ್ತಿದ್ದ ಮೊಮ್ಮಗ ಯಾರು ಮೋಸಗಾರ, ಎಷ್ಟು ಕೋಟಿ ಎಂದು ಕೇಳಲಿಲ್ಲ. “ಅವರಿಗ ಕೇಳ್ಯಾರೇನು, ಮುತ್ಯಾ?” ಎಂದ.

“ಕೇಳ್ಯಾರಪ್ಪ.”

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮಗನತ್ತ ನೋಡಿದೆ. “1988ರಾಗ ನಾ ನಿನಗ ಕೇಳ್ಬೇಕಿತ್ತು” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನೀವಾದ್ರೂ ಏನ್ ಮಾಡ್ತಿದ್ರಿ ಅಪ್ಪಾ, ಆರ್ಡರ್ ಬಂದಿತ್ತು” ಎಂದು ಬಶಿ ಕೆಳಗಿಟ್ಟ. ಮತ್ತೆ ಮೆಲ್ಲಗೆ, “ಆದ್ರ ಬ್ಯಾಟ್ ಒಂದು ಗಾಡಿಗೆ ಹಾಕಬಹುದಿತ್ತು” ಎಂದ.