ಒಣಖಂಡವೂ ಇಟಲಿಯ ಸಾಸೇಜೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಮಳೆ ಕಡಿಮೆ, ಕುರಿ ಸಾಕಣೆ ಹೆಚ್ಚು. ಮಿಕ್ಕ ಮಾಂಸವನ್ನು ತೆಳುವಾಗಿ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿನಲ್ಲಿ ತೂಗಹಾಕಿದರೆ ಒಣಖಂಡವಾಗುವುದನ್ನು ನಾವು ಬಲ್ಲೆವು. ಅದು ಕೆಡದಿರಲು ಕಾರಣವೇನು? ಸೂಕ್ಷ್ಮಜೀವಿಗಳ ಬೆಳವಣಿಗೆಗೆ ನೀರು ಬೇಕು. ಉಪ್ಪೂ ಬಿಸಿಲೂ ಆ ನೀರನ್ನೇ ಕಸಿದುಕೊಳ್ಳುತ್ತವೆ.

ಇಟಲಿಯವರು ಹಂದಿಯ ಮಾಂಸವನ್ನೂ ಕೊಬ್ಬನ್ನೂ ಕೊಚ್ಚಿ, ಉಪ್ಪು, ಮೆಣಸು, ಬೆಳ್ಳುಳ್ಳಿ, ಕೆಲವೆಡೆ ಸೋಂಪು ಬೆರೆಸಿ, ತೊಳೆದ ಕರುಳಿನಲ್ಲಿ ತುಂಬುತ್ತಾರೆ. ಇದೇ ಸಾಸೇಜು. ಹಸಿಯಾಗಿ ಮಾರುವುದು ಸಾಮಾನ್ಯವಾಗಿ ಸಲ್ಸಿಚ್ಚ. ಹುಳಿಯಿಸಿ ವಾರಗಟ್ಟಲೆ ಒಣಗಿಸಿದುದು ಸಲಾಮಿ.

ಇಲ್ಲೊಂದು ಅಪಾಯವುಂಟು. ತೆಳುವಾದ ಖಂಡಕ್ಕೆ ಎಲ್ಲ ಕಡೆಯೂ ಗಾಳಿ ತಾಗುತ್ತದೆ. ತುಂಬಿದ ಕರುಳಿನೊಳಗೆ ಗಾಳಿಯಾಡದು. ಅಂತಹ ಎಡೆಯಲ್ಲಿಯೇ ಬೆಳೆದು, ನರಗಳನ್ನು ಕುಂಠಿಸುವ ಘೋರ ವಿಷವನ್ನುಂಟುಮಾಡುವ ಜೀವಾಣುವೊಂದನ್ನು ಬೆಲ್ಜಿಯಮ್ಮಿನ ವಾನ್ ಎರ್ಮೆಂಗೆಮ್ 1897ರಲ್ಲಿ ವರ್ಣಿಸಿದರು. ಆ ರೋಗದ ಹೆಸರು ಬಾಟ್ಯುಲಿಸಮ್. ಲ್ಯಾಟಿನ್ನಿನ ‘ಬಾಟ್ಯುಲಸ್’ ಎಂದರೆ ಸಾಸೇಜು!

ಸಲಾಮಿಯಲ್ಲಿ ಈ ಜೀವಾಣುವನ್ನು ತಡೆಯುವವು ಉಪ್ಪು, ನೈಟ್ರೈಟ್ ಲವಣ, ಮತ್ತು ಮೊಸರಿನಲ್ಲಿರುವಂತಹ ಲ್ಯಾಕ್ಟಿಕ್ ಆಮ್ಲ. ಹಸಿಯ ಸಾಸೇಜಿಗೆ ಈ ರಕ್ಷಣೆಯಿಲ್ಲ. ಕೊಚ್ಚುವಾಗ ಮಾಂಸದ ಮೇಲ್ಮೈಯ ಸೂಕ್ಷ್ಮಜೀವಿಗಳು ಒಳಗೂ ಸೇರುತ್ತವೆ. ಆದುದರಿಂದ ಅದನ್ನು ಶೀತದಲ್ಲಿಟ್ಟು, ನಡುವಿನ ಉಷ್ಣತೆ 71 ಡಿಗ್ರಿ ಸೆಂಟಿಗ್ರೇಡಿಗೆ ಏರುವವರೆಗೂ ಬೇಯಿಸಬೇಕು. ನಮ್ಮ ಖಂಡವನ್ನೂ ದಪ್ಪವಾಗಿ ಸೀಳಕೂಡದು. ಹೊರಗೆ ಒಣಗಿದ್ದರೂ ಒಳಗೆ ನೀರು ಉಳಿದೀತು.