‘ಕೌಂಟರ್‌ಪ್ರೊಡಕ್ಟಿವ್’: ಒಂದು ವಿಶೇಷಣದ ಅರ್ಥವಿಚಾರ

ಇಂಗ್ಲಿಷಿನಲ್ಲಿ ರಾಜಕೀಯ, ಅರ್ಥಶಾಸ್ತ್ರ, ಶಿಕ್ಷಣ ಮೊದಲಾದ ವಿಷಯಗಳನ್ನು ಕುರಿತ ಬರವಣಿಗೆಗಳಲ್ಲಿ ‘ಕೌಂಟರ್‌ಪ್ರೊಡಕ್ಟಿವ್’ ಎಂಬ ವಿಶೇಷಣವು ಪದೇ ಪದೇ ಕಾಣಸಿಗುತ್ತದೆ. ಅದನ್ನು ಕನ್ನಡಿಸುವಾಗ ‘ನಿಷ್ಫಲ’, ‘ಹಾನಿಕರ’, ‘ಪ್ರತಿಕೂಲ’ ಎಂಬ ಮಾತುಗಳು ಸಹಜವಾಗಿ ನೆನಪಿಗೆ ಬರುತ್ತವೆ. ಆದರೆ ಈ ಮೂರರಲ್ಲಿ ಯಾವುದೂ ಮೂಲದ ಅಭಿಪ್ರಾಯವನ್ನು ಪೂರ್ಣವಾಗಿ ಹೇಳಲಾರದು.

ಪದದ ಮೊದಲ ಭಾಗವು ‘ಎದುರು’ ಎಂಬರ್ಥದ ಲ್ಯಾಟಿನ್ ‘ಕಾಂಟ್ರಾ’ದಿಂದ ಬಂದುದು, ಎರಡನೆಯದರ ಮೂಲಕ್ಕೆ ‘ಮುಂದಕ್ಕೆ ನಡೆಸು, ಹೊರತರು’ ಎಂದರ್ಥ. ಎಂದರೆ ಇಲ್ಲಿ ಫಲವುಂಟು. ಅದು ಬಯಸಿದ್ದಕ್ಕೆ ಎದುರಾದ ಫಲ. ತಲೆನೋವಿಗೆ ನುಂಗಿದ ಗುಳಿಗೆಯಿಂದ ನೋವು ತಗ್ಗದಿದ್ದರೆ ಅದು ನಿಷ್ಫಲ. ನೋವು ಹೋಗಿ ಹೊಟ್ಟೆ ಕೆಟ್ಟರೆ ಹಾನಿಕರ. ನೋವುನಿವಾರಕವನ್ನು ಅತಿಯಾಗಿ ಸೇವಿಸಿದ್ದರಿಂದಲೇ ತಲೆನೋವು ಹೆಚ್ಚಿದರೆ, ವೈದ್ಯರು ಬಲ್ಲ ಆ ಸ್ಥಿತಿಗೆ ಮಾತ್ರ ಈ ವಿಶೇಷಣವು ಸಲ್ಲುತ್ತದೆ. ಒಂದು ಉದ್ದೇಶ, ಅದಕ್ಕಾಗಿ ಒಂದು ಪ್ರಯತ್ನ, ಆ ಪ್ರಯತ್ನದಿಂದಲೇ ಉದ್ದೇಶಕ್ಕೆ ಭಂಗ: ಈ ಮೂರೂ ಕೂಡಿರಬೇಕು. ಬೆಳೆಯನ್ನು ಕೆಡಿಸಿದ ಮಳೆಯನ್ನು ಹೀಗೆ ಕರೆಯಲಾಗದು, ಮಳೆಗೆ ಉದ್ದೇಶವಿಲ್ಲ.

ಇದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವಿದೆ. 1902ರಲ್ಲಿ ಹನಾಯ್ ನಗರದ ಫ್ರೆಂಚ್ ಆಡಳಿತವು ಪ್ಲೇಗಿನ ಭಯದಿಂದ ಇಲಿಗಳನ್ನು ಕೊಲ್ಲಿಸಲು ಹೊರಟು, ತಂದೊಪ್ಪಿಸಿದ ಪ್ರತಿಯೊಂದು ಬಾಲಕ್ಕೂ ಹಣ ಕೊಡತೊಡಗಿತು. ಕೆಲಕಾಲದಲ್ಲಿ ಬಾಲವಿಲ್ಲದ ಇಲಿಗಳು ಊರಲ್ಲಿ ಓಡಾಡತೊಡಗಿದುವು. ಇಲಿಯನ್ನು ಕೊಂದರೆ ಸಂತತಿ ನಿಲ್ಲುವುದೆಂದು ಜನರು ಬಾಲವನ್ನಷ್ಟೇ ಕತ್ತರಿಸಿ ಬಿಟ್ಟುಬಿಡುತ್ತಿದ್ದರು. ಹೊರವಲಯದಲ್ಲಿ ಇಲಿಗಳನ್ನು ಸಾಕುತ್ತಿದ್ದುದೂ ಬಯಲಾಯಿತು. ಕಡೆಗೆ ಬಹುಮಾನವನ್ನು ನಿಲ್ಲಿಸಬೇಕಾಯಿತು.

ಪ್ರಯೋಗದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಈ ವಿಶೇಷಣವು ಬಹುಮಟ್ಟಿಗೆ ಕ್ರಮ, ನೀತಿ, ವರ್ತನೆಗಳಿಗೆ ಅನ್ವಯಿಸುತ್ತದೆ, ವ್ಯಕ್ತಿಗೆ ಅಪರೂಪ. ಗುರಿಯನ್ನು ಹಳಿಯದೆ ದಾರಿಯನ್ನಷ್ಟೇ ಆಕ್ಷೇಪಿಸುವ ಮಾತಿದು. ಆದುದರಿಂದಲೇ ಸಮಾನೋದ್ದೇಶವುಳ್ಳ ಹಿತೈಷಿಗಳ ಬಾಯಲ್ಲಿ ಇದು ಹೆಚ್ಚು ಒಪ್ಪುತ್ತದೆ.

ಕನ್ನಡಕ್ಕೆ ಈ ಭಾವವೇನೂ ಹೊಸತಲ್ಲ. ಗಣಪತಿಯನ್ನು ಮಾಡಹೋಗಿ ಅವನಪ್ಪನನ್ನು ಮಾಡಿದ ಗಾದೆಯೂ ಭಸ್ಮಾಸುರನಿಗೆ ವರವಿತ್ತ ಶಿವನ ಕಥೆಯೂ ನಮ್ಮಲ್ಲಿವೆ. ‘ತಿರುಗುಬಾಣ’ವೆಂಬ ನಾಮಪದವಂತೂ ಸಿದ್ಧವಾಗಿಯೇ ಇದೆ. ವಿಶೇಷಣವೇ ಬೇಕಾದೆಡೆ ‘ಉದ್ದೇಶಘಾತಕ’ವೆನ್ನಬಹುದು. ‘ವಿಪರೀತಫಲೋತ್ಪಾದಕ’ ಎಂಬಂಥ ರಚನೆಯು ವ್ಯಾಕರಣಶುದ್ಧವಾದರೂ ಓದುಗನನ್ನು ಬೆದರಿಸಿ ಮರಳಿ ಇಂಗ್ಲಿಷಿಗೇ ಅಟ್ಟುವುದರಿಂದ, ತಾನೇ ತನ್ನ ಅರ್ಥಕ್ಕೆ ಉದಾಹರಣೆಯಾದೀತು.

ಹೊರನಾಡಿನ ನಮಗೆ ಈ ವಿವೇಚನೆಯು ನಿಘಂಟಿಗಷ್ಟೇ ಸೇರಿದುದಲ್ಲ. ಮನೆಯ ಮಗು ಮರಾಠಿಯನ್ನೋ ಹಿಂದಿಯನ್ನೋ ಬೆರೆಸಿ ತೊದಲಿದಾಗಲೆಲ್ಲ ‘ಇದೂ ಒಂದು ಕನ್ನಡವೇ?’ ಎಂದು ಗದರುತ್ತೇವೆ. ಉದ್ದೇಶ ನಿರ್ಮಲವಾದುದು. ಆದರೆ ಹೀಗೆ ಗದರಿಸಿಕೊಂಡ ಮಗು ತಿದ್ದಿಕೊಳ್ಳುವ ಬದಲು ಕನ್ನಡದಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟರೆ, ನಮ್ಮ ಭಾಷಾಭಿಮಾನವನ್ನು ನಿಷ್ಫಲವೆಂದರೆ ಸಾಲದು, ಉದ್ದೇಶಘಾತಕವೆಂದೇ ಹೇಳಬೇಕಾಗುತ್ತದೆ.