ನಿಮಗಿದು ಗೊತ್ತೆ? ವಿಶಾಖಪಟ್ಟಣದ ಬಾಲ ನಾವಿಕರು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ನೌಕಾಪಡೆಗೆ ಹದಿಹರೆಯದ ಹುಡುಗರನ್ನು ಕದ್ದುಮುಚ್ಚಿ ಅಲ್ಲ, ನೇಮಕಾತಿಯ ನಿಯಮದ ಪ್ರಕಾರವೇ ಸೇರಿಸಿಕೊಳ್ಳುತ್ತಿದ್ದರು. ಅವರ ಹುದ್ದೆಯ ಹೆಸರೂ 'ಬಾಯ್' ಎಂದೇ! ತರಬೇತಿ ಕೇಂದ್ರಗಳಾದ 'ಬಹಾದ್ದೂರ್', 'ದಿಲಾವರ್' ಕರಾಚಿಯಲ್ಲಿದ್ದವು. 1947ರ ವಿಭಜನೆಯಲ್ಲಿ ಅವು ಪಾಕಿಸ್ತಾನದ ಪಾಲಾದಾಗ ಭಾರತ ಕಣ್ಣು ಹಾಯಿಸಿದ್ದು ವಿಶಾಖಪಟ್ಟಣದತ್ತ. 1942ರ ಏಪ್ರಿಲ್ 6ರಂದು ಜಪಾನಿ ವಿಮಾನಗಳ ಬಾಂಬು ಬಿದ್ದಿದ್ದ ಬಂದರು ಅದು. ಅಲ್ಲಿನ 'ಸರ್ಕಾರ್ಸ್' ನೌಕಾನೆಲೆಯಲ್ಲಿ ಬಾಲ ನಾವಿಕರ ಹೊಸ ಶಾಲೆ ತೆರೆಯಿತು.

ಅದು ಬಹುತೇಕರ ಬಳಿ ಹುಟ್ಟಿದ ದಿನಾಂಕಕ್ಕೆ ಕಾಗದವೇ ಇಲ್ಲದ ಕಾಲ. ಎತ್ತರ, ಎದೆಯಳತೆ ಸರಿ ಇದ್ದರೆ, ಹುಡುಗ ಹೇಳಿದ್ದೇ ವಯಸ್ಸು. ಮೊದಲ ಮಹಾಯುದ್ಧದಲ್ಲೂ ಹೀಗೆಯೇ: 1915ರಲ್ಲಿ ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಿಗೆ ಬಂದ ಭಾರತೀಯ ಗಾಯಾಳುಗಳ ನಡುವೆ ತಿದಿ ಒತ್ತುವ 10 ವರ್ಷದ ಬಾಲಕನೂ ಇದ್ದ. ಅವನನ್ನು ಕಂಡ ಅಧಿಕಾರಿ ವಾಲ್ಟರ್ ಲಾರೆನ್ಸ್ ಯುದ್ಧ ಮಂತ್ರಿ ಕಿಚನರ್‌ಗೇ ಪತ್ರ ಬರೆದರು.

ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಸೇರಿದವರಲ್ಲಿ ಅಮೆರಿಕದ ಕ್ಯಾಲ್ವಿನ್ ಗ್ರಹಾಂನನ್ನು ಮೀರಿಸಿದವರು ಕಡಿಮೆ. 1942ರಲ್ಲಿ, 12ನೇ ವಯಸ್ಸಿಗೇ ನೌಕಾಪಡೆ ಸೇರಿ, ಗ್ವಾಡಲ್‌ಕೆನಾಲ್ ಕದನದಲ್ಲಿ ಗಾಯಗೊಂಡು ಪದಕ ಪಡೆದ. ತಾಯಿಯಿಂದ ನಿಜ ಹೊರಬಿದ್ದಾಗ ಪದಕ ಕಸಿದು ಜೈಲಿಗೂ ಹಾಕಿದರು. ಶೌರ್ಯಕ್ಕಿಂತ ಸುಳ್ಳೇ ದೊಡ್ಡದಾಯಿತು, ನೋಡಿ. ಉಳಿದ ಪದಕಗಳು ಮರಳಿದ್ದು 1978ರಲ್ಲಿ, ಗಾಯದ ಪದಕವಂತೂ 1994ರಲ್ಲಿ. ಅಷ್ಟರಲ್ಲಿ ಆತ ತೀರಿಕೊಂಡಿದ್ದ.

ಭಾರತದ ಸೇನೆಗೆ ಈಗ ಅಗ್ನಿವೀರರಾಗಿ ಸೇರಲು ಹದಿನೇಳೂವರೆ ವರ್ಷ ತುಂಬಿರಬೇಕು.